ಮರುಮಗಳಲ್ಲ, ಮೊಮ್ಮಗಳು

ನಿನ್ನೆಯಿಂದ ಈ ಮನೆ ನನ್ನದಲ್ಲ. ಕೆಳಗಿನ ಮಿಲ್ಲು ನನ್ನದಲ್ಲ, ಮೇಲಿನ ಎರಡು ಕೋಣೆ ನನ್ನದಲ್ಲ, ಹಿತ್ತಲಿನ ಕರಿಬೇವಿನ ಗಿಡ ಕೂಡ ನನ್ನದಲ್ಲ. ಎಲ್ಲವೂ ನನ್ನ ಮಗಳ ಮಗಳ ಹೆಸರಿಗೆ ಆಯಿತು. ನಾನೇ ರಿಜಿಸ್ಟ್ರಾರ್ ಆಫೀಸಿನಲ್ಲಿ ಕುಳಿತು, ಕನ್ನಡದಲ್ಲಿ ಸಹಿ ಹಾಕಿ, ಹೆಬ್ಬೆರಳು ಒತ್ತಿ, ಕ್ಯಾಮೆರಾಕ್ಕೆ ಮುಖ ಕೊಟ್ಟು ಬಂದೆ. ಇವತ್ತು ಬೆಳಿಗ್ಗೆ ಒಗ್ಗರಣೆಗೆ ಕರಿಬೇವು ಕೀಳಲಿಕ್ಕೆ ಹೋದವಳು ಒಂದು ಗಳಿಗೆ ಕೈ ಹಿಂದೆ ತೆಗೆದೆ. ಇನ್ನು ಕೇಳಿ ಕೀಳಬೇಕಲ್ಲವಾ ಅಂತ ಅನ್ನಿಸಿತು. ಆಮೇಲೆ ಕೇಳದೆಯೇ ದೊಡ್ಡದೊಂದು ಎಸಳು ಮುರಿದುಕೊಂಡು ಬಂದೆ. ನನಗೆ ಅಷ್ಟು ಖುಷಿ.

ಈ ಖುಷಿ ಸುಮ್ಮನೆ ಕೂರಲಿಕ್ಕೆ ಬಿಡುವುದಿಲ್ಲ. ಎಲ್ಲ ಗೊತ್ತಿದ್ದ ಮೀನಿನವಳಿಗೇ ಮತ್ತೆ ಹೇಳಿದೆ, ಹಾಲಿನವನಿಗೆ ಹೇಳಿದೆ, ದೋಣಿಕಟ್ಟೆಯಲ್ಲಿ ಟಿಕೆಟ್ ಕೊಡುವವನಿಗೂ ಹೇಳಿದೆ. ಹೇಳಲಿಕ್ಕೆ ಇನ್ನು ಯಾರೂ ಸಿಗದ್ದಕ್ಕೆ ಬರೆಯಲಿಕ್ಕೆ ಕೂತೆ. ಕುಂದಾಪುರದ ಹತ್ತಿರದ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇದು. ಇದೊಂದೇ ನನಗೆ ಬರುವುದು. ಕೊಚ್ಚಿಗೆ ಬಂದು ಮುದುಕಿಯಾದರೂ ಮಲಯಾಳದ ಬಸ್ಸನ್ನು ನಾನು ಬಣ್ಣ ನೋಡಿಯೇ ಹತ್ತುವುದು.

ಇದನ್ನು ಓದಿ, ಅಯ್ಯೋ ಮುದುಕಿ, ಕೈಯಲ್ಲಿದ್ದದ್ದನ್ನೆಲ್ಲ ಬಿಟ್ಟುಕೊಟ್ಟು ನಾಳೆ ಎಲ್ಲಿಗೆ ಹೋಗ್ತೀ ಅನ್ನುವವರು ಇದ್ದಾರೆ. ನನಗೆ ಗೊತ್ತುಂಟು. ಅವರಿಗೆಂದೇ ಬರೆಯುತ್ತಿದ್ದೇನೆ.

ನಮ್ಮ ಮಿಲ್ಲು ಇರುವುದು ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ಹಳೇ ಗೋದಾಮುಗಳ ಹಿಂದಿನ ಓಣಿಯಲ್ಲಿ. ಅಕ್ಕಿ, ರಾಗಿ, ಗೋಧಿ, ಅರಿಶಿನ, ಕೊತ್ತಂಬರಿ, ಮೆಣಸು, ಯಾರು ಏನು ತಂದರೂ ಬೀಸಿ ಕೊಡುತ್ತೇವೆ. ನನ್ನ ಯಜಮಾನರು ಊರಿನಿಂದ ಬಂದು ಶುಂಠಿ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದವರು. ಕೂಡಿಟ್ಟು ಕೂಡಿಟ್ಟು ಈ ಮನೆ ತೆಗೆದುಕೊಂಡಾಗ ನನ್ನ ಹೆಸರಿಗೇ ಬರೆಸಿದರು. ನಾನು ಬೇಡ ಅಂದೆ, ನಿಮ್ಮ ಹೆಸರಿಗೆ ಇರಲಿ ಅಂದೆ. ಅವರು ಕೇಳಲಿಲ್ಲ. ಅವರ ಅಪ್ಪ ಬದುಕಿರುವಷ್ಟು ದಿನ "ನಿಂಗೂ ಪಾಲು ಉಂಟು, ನಿಂಗೂ ಉಂಟು" ಅಂತ ಬಾಯಲ್ಲೇ ಹೇಳಿ ಹೇಳಿ ತೀರಿಹೋದರು. ಆಮೇಲೆ ಅಣ್ಣಂದಿರು, ಹಾಗೆಲ್ಲ ಹೇಳಿದ್ದು ನಮಗೆ ಕೇಳಿಸಲಿಲ್ಲ ಅಂದರು. ಅವತ್ತು ಊರು ಬಿಟ್ಟ ಮನುಷ್ಯ ಇವರು. "ಕೊಡುವುದಾದರೆ ಕಣ್ಣು ಬಿಟ್ಟಿರುವಾಗ ಕೊಡಬೇಕು" ಅಂತ ಎಷ್ಟು ಸಲ ಹೇಳಿದ್ದಾರೋ. ಅವರು ಹೋದ ಮೇಲೆ ಮಿಲ್ಲು ನಾನೇ ನಡೆಸಿದೆ.

ನನಗೆ ಇಬ್ಬರು ಮಕ್ಕಳು. ಮಗ ದೊಡ್ಡವನು, ತಿರುವನಂತಪುರದಲ್ಲಿ ಕೇಂದ್ರ ಸರ್ಕಾರದ ಆಫೀಸಿನಲ್ಲಿ ಗುಮಾಸ್ತ. ಅವನು ಮದುವೆಯಾದದ್ದು ಅಲ್ಲಿನದೇ ಹುಡುಗಿಯನ್ನು, ಮಲಯಾಳಿ. ಮಗಳು ಮತ್ತು ಅಳಿಯ ಕಳಮಶ್ಶೇರಿಯಲ್ಲಿ. ಅಳಿಯನಿಗೆ ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ, ಮಗಳಿಗೆ ಹಾಸ್ಟೆಲ್ ಅಡುಗೆಮನೆಯಲ್ಲಿ. ಮಗು ನೋಡಿಕೊಳ್ಳುವವರಿಲ್ಲ ಅಂತ ಅವರ ಮಗಳನ್ನು ಹಾಲು ಕುಡಿಯುವ ಪ್ರಾಯದಲ್ಲೇ ನನ್ನ ಹತ್ತಿರ ಬಿಟ್ಟರು. ಅಕ್ಕಿ ಮೂಟೆಗಳ ನಡುವೆ ತೊಟ್ಟಿಲು ಕಟ್ಟಿದ್ದೆ. ಮಿಲ್ಲು ಓಡುತ್ತಿದ್ದರೆ ಮಲಗುತ್ತಿದ್ದಳು, ನಿಲ್ಲಿಸಿದರೆ ಅಳುತ್ತಿದ್ದಳು. ಅಂಥ ಮಗು ಅದು.

ಅದೇ ಮಗು ದೊಡ್ಡದಾಗಿ ಕಳಮಶ್ಶೇರಿಯಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಓದಿತು. ಓದಿ ಮಾಡಿದ್ದೇನು? ವಾಪಸು ಬಂದು ನಮ್ಮ ಹಳೇ ಮೋಟರು ಬಿಚ್ಚಿ ಹಾಕಿತು. ನಾನು ಕನ್ನಡದಲ್ಲಿ ಬೈದರೆ ಅವಳು ಮಲಯಾಳದಲ್ಲಿ ಉತ್ತರ ಕೊಡುತ್ತಾಳೆ, ಚಿಕ್ಕಂದಿನಿಂದ ಹೀಗೇ. ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಹುಡುಗ ಹುಡುಗಿಯರನ್ನು ಅವಳೇ ಎಲ್ಲಿಂದಲೋ ಹುಡುಕಿ ತಂದಳು. ಭಾನುವಾರ ಬಂದರೆ ಓಣಿಯಲ್ಲಿ ಕನ್ನಡ. ಧಾರವಾಡದ ಹುಡುಗನಿಗೆ ಗುರೆಳ್ಳು ಚಟ್ನಿಪುಡಿ, ಮೈಸೂರಿನವಳಿಗೆ ಬಿಸಿಬೇಳೆಬಾತಿನ ಪುಡಿ, ಎಲ್ಲರಿಗೂ ರಾಗಿ ಹಿಟ್ಟು. ನನಗೆ ಹೊಟ್ಟೆ ತುಂಬ ಮಾತು. ಬೀಸಲಿಕ್ಕೆ ತರುವವರು ಕಡಿಮೆಯಾಗಿ ಮುಚ್ಚಲಿಕ್ಕೆ ಬಂದಿದ್ದ ಮಿಲ್ಲು ಹೀಗೆ ಮತ್ತೆ ಉಸಿರಾಡಿತು.

ಆದರೆ ಅಲ್ಲೇ ಸಿಕ್ಕಿಕೊಂಡಿತು. ಪುಡಿಯನ್ನು ಪೊಟ್ಟಣ ಮಾಡಿ ಅಂಗಡಿಗೆ ಕೊಡಲಿಕ್ಕೆ ಲೈಸೆನ್ಸು ಬೇಕು, ಹೊಸ ಯಂತ್ರಕ್ಕೆ ಬ್ಯಾಂಕಿನವರು ಬೇಕು. ಹೋದಲ್ಲೆಲ್ಲ ಅವಳಿಗೆ ಕೇಳಿದ್ದು ಒಂದೇ. ಜಾಗ ಯಾರ ಹೆಸರಿನಲ್ಲಿ ಉಂಟು? ಅಮ್ಮಮ್ಮನ ಹೆಸರಿನಲ್ಲಿ. ಅಮ್ಮಮ್ಮನಿಗೆ ಪ್ರಾಯ ಎಷ್ಟು? ಅಲ್ಲಿಗೆ ಮಾತು ಮುಗಿಯುತ್ತಿತ್ತು.

ಅದೇ ಹೊತ್ತಿಗೆ ಪಕ್ಕದ ಗೋದಾಮನ್ನು ಕೊಂಡು ಹೋಂಸ್ಟೇ ಮಾಡಿದವನು ನಮ್ಮ ಬಾಗಿಲಿಗೆ ಬರಲಿಕ್ಕೆ ಶುರು ಮಾಡಿದ. ಬಿಳೀ ಪ್ಯಾಂಟಿನಲ್ಲಿ ಬರುತ್ತಿದ್ದ, ಅರಿಶಿನ ಮೆತ್ತಿಕೊಂಡು ಹೋಗುತ್ತಿದ್ದ.

"ಅಮ್ಮೇ, ಬೆಳಿಗ್ಗೆ ಬೆಳಿಗ್ಗೆ ನಿಮ್ಮ ಮಿಲ್ಲಿನ ಸದ್ದು. ನನ್ನ ಗೆಸ್ಟುಗಳು ನಿದ್ದೆ ಇಲ್ಲ ಅಂತ ಫೋನಿನಲ್ಲಿ ಬರೆದು ಹಾಕ್ತಾರೆ."

"ನನ್ನ ಹೆಸರು ಬರೀತಾರಾ?"

"ನಿಮ್ಮ ಹೆಸರು ಬರೆಯುವುದಿಲ್ಲ. ನನ್ನ ಹೋಂಸ್ಟೇದು ಬರೀತಾರೆ."

"ಹಾಗಾದರೆ ನನಗೆಂತ ತೊಂದರೆ?"

ಅವನು ಬಿಡುವ ಜನ ಅಲ್ಲ. ಇನ್ನೊಂದು ದಿನ ಬಂದು ದನಿ ತಗ್ಗಿಸಿ ಹೇಳಿದ: "ಕೇಳಿದಿರಾ, ಸತ್ತವರ ಆಸ್ತಿಗೆ ತೆರಿಗೆ ಬರ್ತದಂತೆ. ನೀವು ಹೋದ ಮೇಲೆ ಅರ್ಧ ಸರ್ಕಾರಕ್ಕೆ, ಉಳಿದದ್ದು ಮಕ್ಕಳಿಗೆ. ಈಗ ನನಗೆ ಮಾರಿದರೆ ಪೂರ್ತಿ ನಿಮ್ಮ ಕೈಗೆ."

"ಸರ್ಕಾರಕ್ಕೆ ಅರ್ಧ ಬೇಕಾದರೆ ನಾನಿರುವಾಗ ಬಂದು ಕೇಳಲಿ. ಮೆಣಸು ಬೀಸುವ ಹೊತ್ತಿಗೆ ಬರಲಿ" ಅಂದೆ.

ಅವನೆದುರು ಹಾಗೆ ಹೇಳಿದೆನಾದರೂ ಮಾತು ಎದೆಯಲ್ಲಿ ಕೂತುಕೊಂಡಿತು. ಮಗನಿಗೆ ಫೋನ್ ಮಾಡಿದೆ. ಅವನು ನಕ್ಕ. "ಅಂಥ ತೆರಿಗೆ ಈಗ ಇಲ್ಲಮ್ಮ. ಹಿಂದೆ ಒಂದು ಇತ್ತು, ತೆಗೆದುಹಾಕಿ ಎಷ್ಟೋ ಕಾಲ ಆಯಿತು. ಮತ್ತೆ ತರ್ತಾರೆ ಅಂತ ಟೀವಿಯಲ್ಲಿ ಆಗಾಗ ಗಲಾಟೆ ಆಗ್ತದೆ, ಅಷ್ಟೇ." ನಾನು ಉಸಿರು ಬಿಡುವುದರೊಳಗೆ ಅವನೇ ಮುಂದುವರಿಸಿದ. "ಆದರೆ ಆ ಮನುಷ್ಯ ಕೊಡುವ ಬೆಲೆ ಒಳ್ಳೆಯದೇ. ಮಾರಿಬಿಡುವ. ಇಲ್ಲೊಂದು ಫ್ಲ್ಯಾಟ್ ನೋಡಿದ್ದೇನೆ. ನಿನಗೂ ಒಂದು ರೂಮು. ಬಾಲ್ಕನಿ ಉಂಟು."

"ಬಾಲ್ಕನಿಯಲ್ಲಿ ಕೂತು ನಾನು ಎಂತ ಬೀಸುವುದು?"

"ಬೀಸುವುದು ಸಾಕಮ್ಮ. ಎಷ್ಟು ದಿನ ಅಂತ ಬೀಸ್ತೀ?"

ಮಿಲ್ಲಿನಲ್ಲಿ ಫೋನು ಯಾವಾಗಲೂ ಜೋರು ದನಿಯಲ್ಲೇ ಇಡುವುದು. ಮೊಮ್ಮಗಳು ಬೆಲ್ಟು ಒರೆಸುತ್ತಿದ್ದಳು, ಎಲ್ಲ ಕೇಳಿಸಿಕೊಂಡಳು. ನನ್ನ ಕಡೆ ತಿರುಗದೆ ಹೇಳಿದಳು, ಮಾರುವುದಾದರೆ ಈಗಲೇ ಹೇಳಿ ಅಮ್ಮಮ್ಮ, ಕಳಮಶ್ಶೇರಿಯಲ್ಲಿ ಒಂದು ಕಡೆ ಕೆಲಸ ಕೊಡ್ತೇವೆ ಅಂದಿದ್ದಾರೆ, ಹೋಗಿ ಸೇರ್ತೇನೆ. ನಿನ್ನ ಹೆಸರಿಗೇ ಬರೆದುಕೊಡ್ತೇನೆ ಅಂತ ನಾನಂದರೆ, ಬೇಡ, ನನ್ನಿಂದಾಗಿ ಅಮ್ಮಾವನಿಗೂ ನಿಮಗೂ ಜಗಳ ಬೇಡ ಅಂದಳು. ಅಮ್ಮಾವ ಅಂದರೆ ಸೋದರಮಾವ, ನನ್ನ ಮಗ. ಅಷ್ಟು ಹೇಳಿ ಬೆಲ್ಟಿನ ಅದೇ ಜಾಗವನ್ನು ಮತ್ತೆ ಮತ್ತೆ ಒರೆಸಿದಳು. ಅಲ್ಲಿ ಧೂಳೇ ಇರಲಿಲ್ಲ.

ಜಗಳ ಬೇಕೋ ಬೇಡವೋ ಅಂತ ನಿಶ್ಚಯ ಮಾಡುವುದು ಅವಳಲ್ಲ. ಆಸ್ತಿ ನನ್ನದು, ಮಗ ನನ್ನವನು, ಜಗಳವೂ ನನ್ನದೇ. ಮರುದಿನ ಅವಳಿಗೆ ದೇವಸ್ಥಾನಕ್ಕೆ ಅಂತ ಹೇಳಿ ಹಳೇ ಆಧಾರ ಚೀಲದಲ್ಲಿಟ್ಟುಕೊಂಡು ಹೊರಟೆ. ಇಲ್ಲಿ ಆಧಾರ ಅಂದರೆ ಫೋಟೋ ಇರುವ ಕಾರ್ಡಲ್ಲ, ಆಸ್ತಿಯ ಪತ್ರ. ಅದನ್ನು ಬರೆಯುವುದೇ ಕಸುಬಾಗಿರುವವರು ರಿಜಿಸ್ಟ್ರಾರ್ ಆಫೀಸಿನ ಸುತ್ತ ಸಣ್ಣ ಸಣ್ಣ ಕೋಣೆ ಹಿಡಿದು ಕೂತಿರುತ್ತಾರೆ. ನಾನು ಹೋದದ್ದು ಒಬ್ಬ ಪ್ರಾಯದವರ ಹತ್ತಿರ. ಕಿವಿ ಸ್ವಲ್ಪ ಮಂದ, ಮೇಲೆ ಫ್ಯಾನು ಕಟಕಟ, ಹೊರಗೆ ಬಸ್ಸು.

"ಯಾರಿಗೆ ಕೊಡುವುದು ಚೇಚಿ?" ಅಂದರು. ಚೇಚಿ ಅಂದರೆ ಅಕ್ಕ.

"ಎನ್ಡೆ ಮೊಮ್ಮಗಳ್ಕ್" ಅಂದೆ.

ಇದು ನನ್ನ ಮಲಯಾಳ. ಕನ್ನಡದ ಮಾತಿನ ಬಾಲ ಕತ್ತರಿಸಿದರೆ ಮಲಯಾಳ ಆಗುತ್ತದೆ ಅಂತ ನಾನು ಬಂದ ಹೊಸದರಲ್ಲೇ ಕಂಡುಕೊಂಡದ್ದು, ಬಹಳ ಸಲ ಆಗುತ್ತದೆ ಕೂಡ. ಅಮ್ಮಮ್ಮ ಅನ್ನುವುದು ನಮ್ಮ ಕಡೆಯೂ ತಾಯಿಯ ತಾಯಿ, ಇಲ್ಲಿಯೂ ತಾಯಿಯ ತಾಯಿ. ಅಮ್ಮಮ್ಮ ಒಂದೇ ಆದ ಮೇಲೆ ಮೊಮ್ಮಗಳೂ ಒಂದೇ ಇರಬೇಕಲ್ಲ. ನಾನು ಈ ಓಣಿಯಲ್ಲಿ ಆ ಹುಡುಗಿಯನ್ನು ಮೊದಲಿನಿಂದಲೂ ಹಾಗೇ ಹೇಳಿಕೊಂಡು ಬಂದದ್ದು. ಯಾರೂ ತಿದ್ದಿರಲಿಲ್ಲ.

ಆ ಹಿರಿಯರು ಪೆನ್ನು ಕೆಳಗಿಟ್ಟು ನನ್ನನ್ನು ಒಂದು ಗೌರವದಿಂದ ನೋಡಿದರು. "ಒಳ್ಳೆಯದು ಚೇಚಿ. ಹಿಂದೆ ನಮ್ಮ ಮನೆತನಗಳಲ್ಲೂ ಇದೇ ಕ್ರಮ. ಸ್ವಂತ ಮಕ್ಕಳಿದ್ದರೂ ಆಸ್ತಿ ಇವರಿಗೇ. ಈಗಿನ ಕಾಲದಲ್ಲಿ ಯಾರು ಕೊಡ್ತಾರೆ?"

ನಾನು ಉಬ್ಬಿಹೋದೆ. ನೋಡು, ಇಷ್ಟು ತಿಳಿದವರು ನನ್ನನ್ನು ಮೆಚ್ಚಿದರು ಅಂತ.

"ಆದರೆ ಸ್ಟ್ಯಾಂಪಿಗೆ ತುಂಬ ಬೀಳ್ತದೆ" ಅಂದರು. "ಕುಟುಂಬದವರಿಗೆ ಕೊಡುವುದಾದರೆ ಸ್ವಲ್ಪವೇ. ಇವರು ಕುಟುಂಬದ ಲೆಕ್ಕಕ್ಕೆ ಬರುವುದಿಲ್ಲ."

"ಬರುವುದಿಲ್ಲ ಅಂದರೆ? ಅವಳು ನಮ್ಮ ಮನೆಯಲ್ಲೇ ಬೆಳೆದದ್ದು. ನನ್ನ ಮಡಿಲಲ್ಲೇ ಬೆಳೆದದ್ದು."

"ಬೆಳೆದದ್ದು ಇರಬಹುದು. ಕಾನೂನಿಗೆ ಅವರು ಹೊರಗಿನವರು."

ನನಗೆ ಬಂದ ಸಿಟ್ಟು ಹೇಳಲಿಕ್ಕಾಗದು. ಮಗಳ ಮಗಳು ಹೊರಗಿನವಳು ಅನ್ನುವ ಕಾನೂನು ಯಾವ ಪುಣ್ಯಾತ್ಮ ಮಾಡಿದ? ಕೈ ನೋಡಿಕೊಂಡೆ. ಯಜಮಾನರು ಮಾಡಿಸಿ ಹಾಕಿದ ಬಳೆ ಎರಡು ಇತ್ತು. ಇವೆರಡು ಹೋಗುತ್ತವೆ, ಹೋಗಲಿ. ಹೊರಗಿನವಳು ಅಂತ ಹೇಳಿ ವಸೂಲಿ ಮಾಡಿದರೂ ಸರಿ, ಅವಳನ್ನು ಒಳಗೆ ಕೂರಿಸಿಯೇ ಬಿಡುತ್ತೇನೆ.

"ಬೀಳಲಿ. ನೀವು ಬರೀರಿ" ಅಂದೆ.

ಕರಡು ಬರೆದು ನನಗೆ ಓದಿ ಹೇಳಿದರು. ಉದ್ದುದ್ದದ ಮಲಯಾಳ, ಅರ್ಧ ತಲೆಗೆ ಹೋಗಲಿಲ್ಲ. ನಡುನಡುವೆ 'ಮರುಮಗಳ್' 'ಮರುಮಗಳ್' ಅಂತ ಬಂತು. ನನ್ನ ಮೊಮ್ಮಗಳನ್ನೇ ಪುಸ್ತಕದ ಮಲಯಾಳಕ್ಕೆ ಸರಿಮಾಡಿ ಬರೆದಿದ್ದಾರೆ ಅಂದುಕೊಂಡು ತಲೆ ಆಡಿಸಿದೆ.

ಮಗನಿಗೆ ಇದು ಇನ್ನೊಬ್ಬರ ಬಾಯಿಂದ ತಿಳಿಯಬಾರದು. ಕರಡು ತೆಗೆದುಕೊಂಡು ತಿರುವನಂತಪುರಕ್ಕೆ ರೈಲು ಹತ್ತಿದೆ. ಸೊಸೆಗೆ ಅಂತ ಮೆಣಸಿನ ಪುಡಿ ಕಟ್ಟಿಕೊಂಡಿದ್ದೆ, ಎದುರಿನ ಸೀಟಿನವರು ದಾರಿಯಿಡೀ ಸೀನಿದರು. ತಂಪಾನೂರು ಸ್ಟೇಷನ್ನಿಗೆ ಮಗ ಸ್ಕೂಟರು ತಂದಿದ್ದ. ಅವನ ಹಿಂದೆ ಕೂತು ಹೋಗುವಾಗ ಬೆನ್ನು ನೋಡಿದೆ, ಅವನ ಅಪ್ಪನದೇ ಬೆನ್ನು. ಈ ಬೆನ್ನಿಗೆ ಹೇಗೆ ಹೇಳಲಿ ಅಂತ ಒಂದು ಕ್ಷಣ ಅಧೈರ್ಯವಾಯಿತು. ಸ್ಕೂಟರು ನಿಲ್ಲುವಷ್ಟರಲ್ಲಿ ಸರಿಹೋಯಿತು.

ಊಟ ಮುಗಿಸಿ ಕಾಗದ ಮೇಜಿನ ಮೇಲಿಟ್ಟೆ. "ಮಿಲ್ಲು ಮನೆ ಎರಡೂ ನಿನ್ನ ತಂಗಿಯ ಮಗಳಿಗೆ ಕೊಡ್ತಿದ್ದೇನೆ. ಕೇಳಲಿಕ್ಕೆ ಬಂದದ್ದಲ್ಲ, ಹೇಳಲಿಕ್ಕೆ ಬಂದದ್ದು."

ಮಗ ಕಾಗದ ಮುಟ್ಟಲಿಲ್ಲ. ಕಿಟಕಿಯ ಕಡೆ ತಿರುಗಿದ. ಕೈ ಒರೆಸಿಕೊಂಡು ಬಂದ ಸೊಸೆ ಅದನ್ನೆತ್ತಿ ಓದಿದಳು. ಓದುತ್ತಾ ಓದುತ್ತಾ ಅವಳ ತುಟಿ ಒಂದು ಥರ ಆಯಿತು.

"ಅಮ್ಮೇ" ಅಂದಳು, "ಇದು ನನಗೆ ಬರೆದದ್ದಲ್ಲವಾ?"

"ನಿನಗಾ?"

"ಮರುಮಗಳಿಗೆ ಅಂತ ಉಂಟು. ಈ ಮನೆಯಲ್ಲಿ ಮರುಮಗಳು ಇರುವುದು ನಾನೊಬ್ಬಳೇ. ಹೆಸರು ಮಾತ್ರ ಯಾರದ್ದೋ ಬರೆದಿದ್ದಾರೆ. ಅದನ್ನು ತಿದ್ದಿಸಿಬಿಡಿ, ನಾಳೆಯೇ ಬಂದು ಮಿಲ್ಲು ಹತ್ತಿ ಕೂರ್ತೇನೆ."

ಅವಳ ಕನ್ನಡ ಅಲ್ಲಲ್ಲಿ ಮುಗ್ಗರಿಸುತ್ತದೆ, ಆದರೆ ತಮಾಷೆಗೆ ಏನೂ ಕಡಿಮೆ ಇಲ್ಲ. ನನಗೆ ಮಾತ್ರ ತಲೆಬುಡ ತಿಳಿಯಲಿಲ್ಲ. ಮಗ ಕಿಟಕಿಯಿಂದ ತಿರುಗಿ ಕಾಗದ ಕಸಿದುಕೊಂಡ.

"ಅಮ್ಮ, ಅವರು ಯಾರಿಗೆ ಅಂತ ಕೇಳಿದಾಗ ನೀನು ಎಂತ ಹೇಳಿದೆ?"

"ಮೊಮ್ಮಗಳಿಗೆ ಅಂತ."

"ಯಾವ ಭಾಷೆಯಲ್ಲಿ?"

"ಮಲಯಾಳದಲ್ಲಿ. ಮೊಮ್ಮಗಳ್ಕ್."

ಅವನು ಕಾಗದ ಮುಖಕ್ಕೆ ಅಡ್ಡ ಹಿಡಿದ. ಕಾಗದ ಅಲುಗಾಡಿತು. ಅಳುತ್ತಿದ್ದಾನಾ ಅಂತ ನೋಡಿದರೆ ನಗು. "ಮರುಮಗಳ್ ಅಂದರೆ ಸೊಸೆ ಅಮ್ಮ. ಅಲ್ಲದಿದ್ದರೆ ಅಣ್ಣನ ಮಗಳು. ಓಣಿಯಲ್ಲಿ ಮರುಮೋಳ್ ಅಂತಾರಲ್ಲ, ಅದನ್ನೇ ಕಾಗದದಲ್ಲಿ ಹೀಗೆ ಬರೆಯುವುದು. ಮೊಮ್ಮಗಳಿಗೆ ಇಲ್ಲಿ ಕೊಚ್ಚುಮಗಳ್ ಅನ್ನಬೇಕು. ನೀನು ಮೊಮ್ಮಗಳ್ ಅಂದದ್ದು ಅವರ ಕಿವಿಗೆ ಮರುಮಗಳ್ ಅಂತ ಬಿದ್ದಿದೆ."

ಆಗ ಆ ಹಿರಿಯರ ಮೆಚ್ಚುಗೆ ಅರ್ಥವಾಯಿತು. ಇಲ್ಲಿಯ ಕೆಲವು ಮನೆತನಗಳಲ್ಲಿ ಹಿಂದೆ ಆಸ್ತಿ ಹೋಗುತ್ತಿದ್ದದ್ದು ಸ್ವಂತ ಮಕ್ಕಳಿಗಲ್ಲ, ಸೋದರಿಯ ಮಕ್ಕಳಿಗೆ. ಅವರನ್ನೂ ಇಲ್ಲಿ ಮರುಮಕ್ಕಳು ಅಂತಲೇ ಹೇಳುವುದು. ನಾನೇನೋ ಆ ಹಳೇ ಕ್ರಮ ಹಿಡಿದವಳು ಅಂದುಕೊಂಡಿದ್ದರು ಪಾಪ.

"ಮೊಮ್ಮಕ್ಕಳು ಕುಟುಂಬದ ಲೆಕ್ಕಕ್ಕೇ ಬರ್ತಾರೆ" ಅಂದ ಮಗ. "ಸ್ಟ್ಯಾಂಪಿಗೆ ಇಷ್ಟೆಲ್ಲ ಬೇಡ. ನೀನು ಬಳೆ ಮಾರುವುದಕ್ಕೆ ಹೊರಟಿದ್ದೆ, ಅಲ್ಲವಾ?"

"ಹೊರಟಿದ್ದೆ. ಈಗಲೂ ಬೇಕಾದರೆ ಮಾರ್ತೇನೆ."

ನಗು ಅಲ್ಲಿಗೆ ಇಳಿಯಿತು. ಸೊಸೆ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು, ನಮ್ಮಿಬ್ಬರನ್ನೇ ಬಿಡಬೇಕು ಅಂತಲೇ ಹೋದದ್ದು. ಮಗ ಕಾಗದವನ್ನು ನಾಲ್ಕು ಮಡಿಕೆ ಮಡಿಸಿ ಬಿಡಿಸಿದ.

"ಅವಳು ಹೊರಗಿನವಳಲ್ಲ, ಸರಿ. ಹಾಗಾದರೆ ನಾನಾ ಹೊರಗಿನವನು?"

ಇದಕ್ಕೇ ನಾನು ರೈಲು ಹತ್ತಿದ್ದು. ಫೋನಿನಲ್ಲಿ ಕೇಳಿದ್ದರೆ ಇದಕ್ಕೆ ಉತ್ತರ ಕೊಡಲಿಕ್ಕೆ ಆಗುತ್ತಿರಲಿಲ್ಲ.

"ನಿನ್ನ ಪಾಲು ನಿನಗೆ ಮೊದಲೇ ಕೊಟ್ಟಾಯಿತು" ಅಂದೆ. "ನೀನು ಓದಿದ ಫೀಸು, ಪರೀಕ್ಷೆ ಬರೆಯಲಿಕ್ಕೆ ಹೋದ ರೈಲು, ಹಾಕಿದ ಚಪ್ಪಲಿ, ಎಲ್ಲ ಆ ಮಿಲ್ಲಿನಿಂದಲೇ ಬಂದದ್ದು. ಅದಕ್ಕೆ ಆಧಾರ ಬರೆಸಲಿಲ್ಲ ಅಂತ ಅದು ಕೊಟ್ಟದ್ದಲ್ಲವಾ? ನಿನಗೆ ಮಿಲ್ಲು ಬೇಡ, ಮಿಲ್ಲಿನ ಬೆಲೆ ಬೇಕು. ಅವಳಿಗೆ ಮಿಲ್ಲು ಬೇಕು. ಅಷ್ಟೇ ವ್ಯತ್ಯಾಸ."

"ಉಯಿಲು ಬರೆದಿಡು. ಹೇಗೂ ನಿನ್ನ ನಂತರ ಅವಳಿಗೇ ಹೋಗ್ತದೆ. ನೀನಿರುವಷ್ಟು ದಿನ ನಿನ್ನ ಹೆಸರಿನಲ್ಲಿರಲಿ. ಬರೆದುಕೊಟ್ಟ ಮೇಲೆ ನಾಳೆ ಮದುವೆಯಾಗಿ, ಬಂದವನು ನಿನ್ನನ್ನು ಹೊರಗೆ ಹಾಕಿದರೆ?"

"ಉಯಿಲು ಅಂದರೆ ನಾನು ಸತ್ತ ಮೇಲೆ ಮಾತಾಡುವುದು. ನನಗೆ ಬಾಯಿ ಇರುವಾಗ ಮಾತಾಡಬೇಕು. ಅವಳು ಆ ಬಾಗಿಲಿಗೆ ತನ್ನ ಹೆಸರಿನ ಬೋರ್ಡು ಹಾಕುವುದನ್ನು ನಾನು ಕೆಳಗೆ ನಿಂತು ನೋಡಬೇಕು. ಹೊರಗೆ ಹಾಕಿದರೆ ಹಾಕಲಿ, ನಿನ್ನ ಬಾಲ್ಕನಿ ಉಂಟಲ್ಲ."

ಅವನು ಕಾಗದವನ್ನು ನನ್ನ ಕಡೆ ಸರಿಸಿದ.

"ಒಂದು ಮಾತ್ರ ನಿನ್ನ ಹತ್ತಿರ ಕೇಳ್ತೇನೆ. ಎರಡು ಸಾಕ್ಷಿ ಬೇಕಂತೆ. ಒಂದು ನೀನು ಹಾಕು. ನಾಳೆ ಯಾರೂ ನಿನ್ನ ತಂಗಿಗೂ ಆ ಹುಡುಗಿಗೂ, ಅಜ್ಜಿಯನ್ನು ಮರುಳು ಮಾಡಿ ಬರೆಸಿಕೊಂಡರು ಅಂತ ಹೇಳಬಾರದು. ನಿನ್ನ ಸಹಿ ಇದ್ದರೆ ಹೇಳುವುದಿಲ್ಲ."

"ಆಫೀಸಿನಲ್ಲಿ ರಜೆ ಸಿಗುವುದು ಕಷ್ಟ."

"ಸಿಗದಿದ್ದರೆ ಬೇಡ. ಮೀನಿನವಳು ಹಾಕ್ತಾಳೆ."

ಸಂಜೆ ಅವನೇ ರೈಲಿನವರೆಗೆ ಬಿಟ್ಟ. ನೀರಿನ ಬಾಟಲಿ ತೆಗೆದುಕೊಟ್ಟ, ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟ. ಬರ್ತೇನೆ ಅಂತ ಮಾತ್ರ ಹೇಳಲಿಲ್ಲ. ನಾನೂ ಮತ್ತೆ ಕೇಳಲಿಲ್ಲ.

ಮಟ್ಟಾಂಚೇರಿಗೆ ಬಂದು ಮೊಮ್ಮಗಳಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ ಅವಳು ಮೂಟೆಯ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಆಮೇಲೆ ಅಳು ಬಂತು ಅವಳಿಗೆ. ಅಮ್ಮಾವ ಬರದಿದ್ದರೆ ನಾನು ಸಹಿ ಹಾಕುವುದಿಲ್ಲ ಅಂದಳು. "ಅವನು ಬಂದರೂ ಬರದಿದ್ದರೂ ನಾನು ಬರ್ತೇನೆ. ಕೊಡುವವಳು ನಾನು" ಅಂದೆ. ಅವಳು ಒಪ್ಪಲಿಲ್ಲ. ಅವಳ ಹಟ ನನ್ನದೇ ಹಟ, ಎಲ್ಲಿಂದ ಬಂತು ಅಂತ ಯಾರನ್ನು ಕೇಳುವುದು?

ಬಾಗಿಲಲ್ಲಿ ಮೀನಿನವಳು ಬುಟ್ಟಿ ಇಳಿಸಿದಾಗ ಪರೀಕ್ಷೆ ಮಾಡಿದೆ. "ಇವಳು ನನಗೆ ಏನಾಗಬೇಕು ಹೇಳು ನೋಡುವ?" ಅವಳು ಯೋಚನೆ ಕೂಡ ಮಾಡಲಿಲ್ಲ. "ನಿಮ್ಮ ಅಣ್ಣನ ಮಗಳು. ನೀವೇ ಹೇಳ್ತಿದ್ದದ್ದಲ್ಲವಾ? ಊರಲ್ಲಿ ಎಂಥಾ ಅಣ್ಣನಪ್ಪಾ, ಮಗುವನ್ನು ಬಿಟ್ಟು ಒಂದು ದಿನ ನೋಡಲಿಕ್ಕೂ ಬರಲಿಲ್ಲ ಅಂತ ನಾನು ಎಷ್ಟು ಸಲ ಶಾಪ ಹಾಕಿದ್ದೇನೆ." ನನಗೆ ಅಣ್ಣನೇ ಇಲ್ಲ. ಇಲ್ಲದ ಅಣ್ಣ ಇಷ್ಟು ಕಾಲ ಮಟ್ಟಾಂಚೇರಿಯಲ್ಲಿ ಬೈಗುಳ ತಿಂದ.

ಆಧಾರ ಬರೆಯುವವರು ತಿದ್ದಿ ಬರೆದರು. "ಓ, ಕೊಚ್ಚುಮಗಳಾ" ಅಂತ ಸ್ವಲ್ಪ ಸಪ್ಪಗಾದರು, ಹಳೇ ಕ್ರಮ ಉಳಿಸುವವಳು ಒಬ್ಬಳು ಸಿಕ್ಕಿದ್ದು ತಪ್ಪಿಹೋಯಿತು ಅಂತ. ಆ ದಿನವೇ ಸೊಸೆಯ ಫೋನು. "ಅಮ್ಮೇ, ಇವರು ಒಂದು ಸಾಲು ಸೇರಿಸಲಿಕ್ಕೆ ಹೇಳಿದ್ದಾರೆ. ಅಮ್ಮ ಕೊನೆಯವರೆಗೆ ಅದೇ ಮನೆಯಲ್ಲಿ ಇರತಕ್ಕದ್ದು, ಅವರನ್ನು ನೋಡಿಕೊಳ್ಳತಕ್ಕದ್ದು ಅಂತ."

"ಇದೆಂತ, ಬಾಡಿಗೆ ಚೀಟಿಯಾ? ಬೇಡ."

"ಸೇರಿಸಿ ಅಮ್ಮೇ. ನಾಲ್ಕು ದಿನದಿಂದ ಈ ಮನುಷ್ಯ ಆಡಿದ ಮಾತು ಅದೊಂದೇ."

"ಬರ್ತಾನಾ?"

"ಅದು ಮಾತ್ರ ಹೇಳಲಿಲ್ಲ."

ಸೇರಿಸಿದೆ.

ನಿನ್ನೆ ಬೆಳಿಗ್ಗೆ ಮಗಳು ಅಳಿಯ ಕಳಮಶ್ಶೇರಿಯಿಂದ ಬಂದರು. ಮೀನಿನವಳು ಇಲ್ಲಿಯ ಹೆಂಗಸರು ಹಬ್ಬಕ್ಕೆ ಉಡುವ, ಅಂಚಿಗೆ ಜರಿಯಿದ್ದ ಬಿಳಿ ಮುಂಡು ಉಟ್ಟು ಮದುವೆಗೆ ಬಂದವಳ ಹಾಗೆ ಬಂದಿದ್ದಳು, ಸಾಕ್ಷಿ ಹಾಕಲಿಕ್ಕೆ. ಇನ್ನೊಂದು ಸಾಕ್ಷಿಯ ಜಾಗ ಖಾಲಿ. ಮೊಮ್ಮಗಳು ಮೆಟ್ಟಿಲ ಮೇಲೆ ಕೂತವಳು ಏಳಲಿಲ್ಲ. ನಮ್ಮ ಸರದಿ ಕರೆಯುವ ಹೊತ್ತಾಯಿತು. ಬೇಕಾದರೆ ಆಧಾರ ಬರೆಯುವ ಕೋಣೆಯಿಂದಲೇ ಯಾರನ್ನಾದರೂ ಕರೆಯುವ ಅಂದ ಅಳಿಯ. ಮಗಳು, "ಅಣ್ಣ ಬರದಿದ್ದರೆ ಇನ್ನೊಂದು ದಿನ ಇಟ್ಟುಕೊಳ್ಳುವ ಅಮ್ಮ" ಅಂದಳು.

"ಇನ್ನೊಂದು ದಿನಕ್ಕೆ ನಾನಿರ್ತೇನೆ ಅಂತ ಬರೆದುಕೊಡ್ತೀಯಾ?" ಅಂದೆ. ಸಿಟ್ಟಿನಲ್ಲಿ ಅಂದದ್ದು. ಅಂದದ್ದಕ್ಕೂ ಗೇಟಿನ ಹೊರಗೆ ರಿಕ್ಷಾ ನಿಂತದ್ದಕ್ಕೂ ಸರಿಹೋಯಿತು. ಮೊದಲು ಇಳಿದದ್ದು ಸೊಸೆ, ಕೈಯಲ್ಲಿ ಎರಡು ಸ್ಟೀಲಿನ ಡಬ್ಬಿ. ಹಿಂದೆ ಮಗ, ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದ.

ಅವನು ಸೀದಾ ಮೆಟ್ಟಿಲ ಹತ್ತಿರ ಹೋದ. "ಏಳು ಮಾರಾಯ್ತಿ. ಆಫೀಸಿಗೆ ರಜೆ ಹಾಕಿ ಬಂದಿದ್ದೇನೆ, ನೀನು ಇಲ್ಲಿ ಕೂತಿದ್ದೀ" ಅಂದ. ಅವಳು ಎದ್ದಳು.

ರಿಜಿಸ್ಟ್ರಾರ್ ಸಣ್ಣ ಪ್ರಾಯದ ಹೆಂಗಸು. ಯಾರ ಒತ್ತಾಯವೂ ಇಲ್ಲದೆ ಕೊಡುತ್ತಿದ್ದೀರಾ ಅಂತ ಕೇಳಿದಳು. "ಕೊಡಬೇಡ ಅಂತಲೇ ಒತ್ತಾಯ ಇದ್ದದ್ದು" ಅಂದೆ. ಮಗ ಕೆಮ್ಮಿದ. ನನ್ನ ಸಹಿ ನೋಡಿ ಅಲ್ಲಿದ್ದ ಗುಮಾಸ್ತ ಕಾಗದ ತಿರುಗಿಸಿ ತಿರುಗಿಸಿ ನೋಡಿ, ಇದು ಯಾವ ಭಾಷೆ ಅಂದ. ಕನ್ನಡ ಅಂದೆ, ಇಡೀ ಕೋಣೆಗೆ ಕೇಳುವ ಹಾಗೆ. ಆಮೇಲೆ ಆ ಹೆಂಗಸು ನನ್ನನ್ನು ತೋರಿಸಿ ಮೊಮ್ಮಗಳನ್ನು ಕೇಳಿದಳು, ಇವರು ನಿಮಗೆ ಯಾರು?

ಮತ್ತೆ ಯಾವ ಮಾತು ಯಾರ ಕಿವಿಗೆ ಹೇಗೆ ಬೀಳುತ್ತದೋ.

"ಅಮ್ಮಮ್ಮ" ಅಂದಳು ಹುಡುಗಿ.

ಆ ಮಾತನ್ನು ಅಲ್ಲಿ ಯಾರೂ ತಪ್ಪಾಗಿ ಕೇಳುವ ಹಾಗಿರಲಿಲ್ಲ. ಮಗ ಸಾಕ್ಷಿ ಹಾಕಿದ. ಅವನ ಕೆಳಗೆ ಮೀನಿನವಳು ಹಾಕಿದಳು. ಅವಳ ಸಹಿ ಅವನದಕ್ಕಿಂತ ಚೆನ್ನಾಗಿತ್ತು.

ರಾತ್ರಿ ಊಟಕ್ಕೆ ಮೇಲಿನ ಕೋಣೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತೆವು. ಸಂಜೆ ಮೊಮ್ಮಗಳು ಮಸಾಲೆ ಹುರಿದು ಬೀಸಿದ್ದಳು, ತನ್ನ ಮಿಲ್ಲಿನಲ್ಲಿ ತಾನು ಬೀಸಿದ ಮೊದಲನೇ ಮಸಾಲೆ. ಪಕ್ಕದವನ ಗೆಸ್ಟುಗಳು ಕಿಟಕಿ ಮುಚ್ಚಿದ ಸದ್ದು ಕೇಳಿಸಿತು. ಆ ಮಸಾಲೆಯಲ್ಲಿ ನಮ್ಮ ಕಡೆಯ ಕೋಳಿ ಸಾರು ಮಾಡಿದೆ, ಮಗಳು ನೀರುದೋಸೆ ಹೊಯ್ದಳು. ಸೊಸೆಯ ಡಬ್ಬಿಯಲ್ಲಿ ತಿರುವನಂತಪುರದ ಬೋಳಿ ಮತ್ತು ಪಾಯಸ. ಬೋಳಿ ಅಂದರೆ ನಮ್ಮ ಹೋಳಿಗೆಯೇ, ಸ್ವಲ್ಪ ತೆಳ್ಳಗೆ, ಹಳದಿ. ಅದನ್ನು ಅವರು ಪಾಯಸದಲ್ಲಿ ಅದ್ದಿ ತಿನ್ನುತ್ತಾರೆ. ನಾನು ತುಪ್ಪ ಹಾಕಿಕೊಂಡೆ. ಅವಳು ನೋಡಿ ಅಯ್ಯೋ ಅಂದಳು, ನಾನು ಕೇಳಿಸದವಳ ಹಾಗೆ ತಿಂದೆ.

"ಮನೆ ಅಂತೂ ಸಿಗಲಿಲ್ಲ" ಅಂದಳು ಸೊಸೆ ತಟ್ಟೆ ಮುಂದೆ ಮಾಡಿ. "ಮರುಮಗಳಿಗೆ ಕೋಳಿಯ ಕಾಲಾದರೂ ಕೊಡಿ."

ಮೊಮ್ಮಗಳು ಹುಡುಕಿ ಎರಡು ಹಾಕಿದಳು. ಮಗ ಹೋಗುವಾಗ ಐದು ಕಿಲೋ ರಾಗಿ ಹಿಟ್ಟು ಬೇಕು ಅಂದ. "ಅಮ್ಮಾವನಿಗೆ ಬಿಲ್ಲು ಹಾಕಲಾ?" ಅಂತ ಕೇಳಿದಳು, ಅದೂ ಕನ್ನಡದಲ್ಲಿ. ಎಲ್ಲರೂ ತಿನ್ನುವುದು ನಿಲ್ಲಿಸಿ ಅವಳನ್ನು ನೋಡಿದರು. ಅವಳು ಕೆಂಪಾಗಿ ಸಾರಿನ ಪಾತ್ರೆಯೊಳಗೆ ಸೌಟು ಆಡಿಸಿದಳು.

ಯಾವಾಗಲೂ ನಾನು ಬಡಿಸಿ ಕೊನೆಗೆ ಉಣ್ಣುವವಳು. ನಿನ್ನೆ ಮಗ ಕೈ ಹಿಡಿದು ತನ್ನ ಪಕ್ಕ ಕೂರಿಸಿದ್ದ, ಏಳಲಿಕ್ಕೆ ಬಿಡಲಿಲ್ಲ. ಬಿಡದಿದ್ದರೆ ಬೇಡ. ಬಳೆ ಎರಡೂ ಇರುವ ಕೈಯಲ್ಲಿ ತಟ್ಟೆ ಎತ್ತಿ ಮನೆಯೊಡತಿಯ ಮುಂದೆ ಹಿಡಿದೆ.

"ಬರೆದದ್ದುಂಟಲ್ಲ, ನೋಡಿಕೊಳ್ಳತಕ್ಕದ್ದು ಅಂತ" ಅಂದೆ. "ಸಾರು ಹಾಕು."

ಅವಳು ಹಾಕಿದಳು. ದೋಸೆ ಸಾಕಾ ಅಂತ ಕೇಳಿದಳು. ಸಾಲದು ಅಂದೆ.